ಮಂಗನ ಕಾಯಿಲೆ: ಕೊಯ್ಲಿನ ದಿನಗಳ ಎಚ್ಚರ



ಡಿಸೆಂಬರ್ ಬಂತೆಂದರೆ ಮೂಡಿಗೆರೆ, ಕಳಸದ ತೋಟಗಳಲ್ಲಿ ಕಾಫಿ ಕೊಯ್ಲು. ಅದರ ಬೆನ್ನಿಗೇ ಕರಿಮೆಣಸು. ನಮ್ಮಲ್ಲಿ ಅನೇಕರ ವರ್ಷದ ಅನ್ನ ಈ ಕೆಲವೇ ತಿಂಗಳುಗಳ ದುಡಿಮೆಯಲ್ಲಿದೆ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಇದೇ ಸಮಯದಲ್ಲಿ, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರಿಗೂ ತೀವ್ರ ಜ್ವರ ಬಂತು. ಆಗ ಪತ್ತೆಯಾದ ವೈರಸ್‌ಗೆ ಆ ಕಾಡಿನ ಹೆಸರೇ ಉಳಿಯಿತು. ಕೆಎಫ್‌ಡಿ ಎಂದು ವೈದ್ಯರು ಹೇಳುವುದು ಇದನ್ನೇ. 1980ರ ದಶಕದ ಆರಂಭದಲ್ಲಿ ಚಾರ್ಮಾಡಿ ಘಾಟಿಯ ಕೆಳಗಿನ ಬೆಳ್ತಂಗಡಿ ತಾಲೂಕಿನಲ್ಲಿ ಇದು ದೊಡ್ಡದಾಗಿ ಹರಡಿತ್ತು. ನಮ್ಮ ಜಿಲ್ಲೆಯ ಕೊಪ್ಪ, ಎನ್.ಆರ್.ಪುರ, ಶೃಂಗೇರಿ ಕಡೆಗಳಿಗೆ ಇದು ಹೊಸದಲ್ಲ. 2024ರ ಆರಂಭದಲ್ಲಿ ಜಿಲ್ಲೆಯಲ್ಲಿ ಸಾವೂ ಸಂಭವಿಸಿದೆ.

ಹರಡುವುದು ಹೇಗೆ?

ಹೆಸರು ಮಂಗನದಾದರೂ ರೋಗವನ್ನು ನಮ್ಮ ಮೈಗೆ ತರುವುದು ಉಣ್ಣಿ, ಅಂದರೆ ಉಣುಗು. ಕಾಡಿನ ಇಲಿ, ಸುಂಡಿಲಿಗಳಲ್ಲಿ ವೈರಸ್ ಸದ್ದಿಲ್ಲದೆ ಉಳಿದಿರುತ್ತದೆ. ಮಂಗ ಮತ್ತು ಮುಸಿಯಗಳಿಗೆ ತಗುಲಿದರೆ ಅವು ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಸೌದೆಗೆ, ಕೊಟ್ಟಿಗೆಯ ದರಗಿಗೆ ಹೋದವರನ್ನು ಕಚ್ಚುವುದು ಬಹುತೇಕ ಎಳ್ಳಿನಷ್ಟು ಸಣ್ಣ ಮರಿ ಉಣುಗು. ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೇ ಇಲ್ಲ.

ನಾವು ಮಾಡಬೇಕಾದದ್ದು

ಕಾಡಂಚಿನ ಕೆಲಸಕ್ಕೆ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟ್ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸೋಣ. ಆರೋಗ್ಯ ಇಲಾಖೆ ಉಚಿತವಾಗಿ ಕೊಡುವ ಡೇಪಾ ತೈಲವನ್ನು ಆಶಾ ಕಾರ್ಯಕರ್ತೆಯರಲ್ಲಿ ಕೇಳಿ ಪಡೆದು ಕೈಕಾಲು, ಕುತ್ತಿಗೆಗೆ ಹಚ್ಚೋಣ. ತರಗೆಲೆಯ ಮೇಲೆ ಕೂತು ಬುತ್ತಿ ಬಿಚ್ಚುವುದು ಬೇಡ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮಕ್ಕಳ ಕಂಕುಳು, ಕಿವಿಯ ಹಿಂಭಾಗವನ್ನೂ ನೋಡೋಣ. ಜಾನುವಾರುಗಳ ಮೈಯ ಉಣುಗಿಗೆ ಪಶುವೈದ್ಯರಿಂದ ಔಷಧಿ ತರೋಣ.

ಸತ್ತ ಮಂಗ ಕಂಡರೆ ಮುಟ್ಟಬಾರದು, ಹತ್ತಿರವೂ ಹೋಗಬಾರದು. ಪಂಚಾಯಿತಿಗೋ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕೂಡಲೇ ತಿಳಿಸಿದರೆ ಅವರು ಸುತ್ತಲೂ ಔಷಧಿ ಹಾಕುತ್ತಾರೆ. ಆ ಒಂದು ಫೋನು ನೆರೆಯವನ ಜೀವ ಉಳಿಸಬಹುದು.

ಹಿಂದೆ ಹಾಕುತ್ತಿದ್ದ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತಿದೆ. ಹೊಸದರ ಕೆಲಸ ನಡೆದಿದೆ. ಅಲ್ಲಿಯವರೆಗೆ ಎಚ್ಚರವೇ ನಮಗಿರುವ ರಕ್ಷಣೆ.

ಜ್ವರ ಬಂದಾಗ

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ ಜ್ವರ, ಚಳಿ, ತಲೆನೋವು, ವಿಪರೀತ ಮೈಕೈ ನೋವು, ವಾಂತಿ ಶುರುವಾಗುತ್ತದೆ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ ಬರುತ್ತದೆ. ಕೂಲಿ ತಪ್ಪುತ್ತದೆಂದು ಅಂಗಡಿಯ ಮಾತ್ರೆ ನುಂಗಿ ತೋಟಕ್ಕೆ ಹೋಗುವವರು ನಮ್ಮಲ್ಲಿದ್ದಾರೆ. ಹಾಗೆ ಮಾಡಬೇಡಿ. ಕೆಲವು ನೋವಿನ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಸರಕಾರಿ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಿ, ರಕ್ತ ಪರೀಕ್ಷೆ ಮಾಡಿಸಿ. ಈ ವೈರಸ್ಸಿಗೆಂದೇ ಔಷಧವಿಲ್ಲ. ಆದರೆ ಬೇಗ ಆರೈಕೆ ಸಿಕ್ಕಿದರೆ ಹೆಚ್ಚಿನವರು ಗುಣಮುಖರಾಗುತ್ತಾರೆ. ಸಾಯುವವರು ನೂರರಲ್ಲಿ 3ರಿಂದ 5 ಮಂದಿ. ಜ್ವರ ಬಿಟ್ಟು ಒಂದೆರಡು ವಾರಗಳ ನಂತರ ಕೆಲವರಿಗೆ ಮತ್ತೆ ಜ್ವರ, ತಲೆನೋವು, ನಡುಕ ಬರುವುದುಂಟು. ಹಾಗಾಗಿ ಮೊದಲ ಜ್ವರ ಇಳಿದ ಮಾತ್ರಕ್ಕೆ ಮೈಮರೆಯಬಾರದು.

ಇನ್ನೊಂದು ಮಾತು. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಯ ಮನೆಯನ್ನು ದೂರ ಇಡುವುದು ಅನ್ಯಾಯ. ಅವರನ್ನು ಸಂದರ್ಶಿಸೋಣ, ಗಂಜಿ ಕೊಂಡೊಯ್ಯೋಣ. ಲೈನ್ ಮನೆಗಳಲ್ಲಿರುವ ಹೊರರಾಜ್ಯದ ಕಾರ್ಮಿಕರಿಗೆ ಅವರ ಭಾಷೆಯಲ್ಲಿ ಈ ವಿಷಯ ತಿಳಿಸೋಣ. ಅವರು ಯಾವ ಧರ್ಮದವರಾದರೂ ನಮ್ಮ ನೆರೆಹೊರೆಯವರೇ.

ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿ(ಸ)ರ ಬೋಧನೆ ನಮಗೆಲ್ಲ ಗೊತ್ತು. ಆರೋಗ್ಯ ನಮಗೆ ವಹಿಸಿಕೊಟ್ಟ ಅಮಾನತ್. ತೋಟಕ್ಕೆ ಹೊರಡುವ ಮೊದಲು ತೈಲ ಹಚ್ಚುವುದು ನಮ್ಮ ಪಾಲಿನ ಒಂಟೆ ಕಟ್ಟುವ ಕೆಲಸ. ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ, ಆಮೀನ್.