ನಿಮ್ಮ ಕೋಳಿಗೂ ಬೇಕು ನೆಮ್ಮದಿಯ ಅಂಗಳ

ಮಗ್‌ರಿಬ್ ಬಾಂಗ್‌ಗೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಕೋಳಿಗಳು ಒಂದೊಂದಾಗಿ ಗೂಡು ಸೇರುತ್ತವೆ. ಬಾಗಿಲು ಹಾಕುವ ಮುನ್ನ ನೀವು ಎಣಿಸುತ್ತೀರಿ. ಒಂದು ಕಡಿಮೆ! ಬೇಲಿಯ ಬದಿಯಲ್ಲಿ ಒಂದಷ್ಟು ಗರಿಗಳು ಮಾತ್ರ ಬಿದ್ದಿವೆ. ಬೀದಿನಾಯಿಯೋ ಮುಂಗುಸಿಯೋ ತಿಳಿಯದು. ಮೊಟ್ಟೆ ಮಾರಿದ ಹಣವನ್ನು ಮಕ್ಕಳ ಪುಸ್ತಕಕ್ಕೆಂದು ಕೂಡಿಡುವ ಗೃಹಿಣಿಗೆ ಇದು ಸಣ್ಣ ನಷ್ಟವಲ್ಲ.

ಹಿಂದೆ ನಮ್ಮ ಕರಾವಳಿಯಲ್ಲಿ ತೋಟ, ಗದ್ದೆಗಳ ನಡುವೆ ಮನೆಗಳಿದ್ದವು. ಕೋಳಿಗಳು ಹಗಲಿಡೀ ಮೇಯುತ್ತಿದ್ದವು. ಈಗ ಹಲವರದು ಐದು ಸೆಂಟ್ಸ್ ಜಾಗ, ಪಕ್ಕದಲ್ಲೇ ನೆರೆಯವರ ಹೂಗಿಡ. ಹಾಗೆಂದು ಇಕ್ಕಟ್ಟಾದ ಗೂಡಿನಲ್ಲಿ ದಿನವಿಡೀ ಕೂಡಿಹಾಕಿದರೆ, ಕೆದಕಲು ಮಣ್ಣಿಲ್ಲದೆ ಬೇಸತ್ತ ಕೋಳಿಗಳು ಒಂದರ ಗರಿಯನ್ನು ಇನ್ನೊಂದು ಕುಕ್ಕಿ ಕೀಳುತ್ತವೆ.

ಬೆಕ್ಕೊಂದನ್ನು ಕಟ್ಟಿಹಾಕಿ, ತಾನೂ ಆಹಾರ ಕೊಡದೆ, ನೆಲದ ಕ್ರಿಮಿಕೀಟಗಳನ್ನು ತಿನ್ನಲೂ ಬಿಡದೆ ಸಾಯಿಸಿದ ಹೆಣ್ಣೊಬ್ಬಳು ನರಕಕ್ಕೆ ಗುರಿಯಾದ ಬಗ್ಗೆ ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಜೀವಿಯೊಂದನ್ನು ನಾವು ಕೂಡಿಹಾಕಿದರೆ, ಅದು ಹೊರಗೆ ಹುಡುಕಿಕೊಳ್ಳುತ್ತಿದ್ದುದನ್ನು ಒಳಗೇ ಒದಗಿಸುವ ಹೊಣೆಯೂ ನಮ್ಮ ಮೇಲೆ ಬೀಳುತ್ತದೆ. ಇದಕ್ಕೆ ಸುಲಭ ದಾರಿ, ಗೂಡಿಗೆ ತಾಗಿಕೊಂಡು ಬಲೆ ಹಾಕಿದ ಒಂದು ಅಂಗಳ.

ಜಾಗ ಎಷ್ಟು ಬೇಕು?

ಕೋಳಿಯೊಂದಕ್ಕೆ ಹೊರಗೆ 10 ಚದರಡಿ, ರಾತ್ರಿಯ ಗೂಡಿನಲ್ಲಿ 3ರಿಂದ 4 ಚದರಡಿ ಇರಲಿ. ಆರು ಕೋಳಿಗಳಿಗೆ 6 ಅಡಿ ಅಗಲ, 10 ಅಡಿ ಉದ್ದದ ಅಂಗಳ ಸಾಕು. ಎತ್ತರ ಆರಡಿ ಇದ್ದರೆ ನೀವು ನಡು ಬಗ್ಗಿಸದೆ ಗುಡಿಸಬಹುದು.

ವೈರಿಗಳನ್ನು ತಡೆಯುವುದು

ತೆಳ್ಳಗಿನ ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಆದ್ದರಿಂದ ಕೆಳಗಿನ ಮೂರು ಅಡಿಗೆ ಅರ್ಧ ಇಂಚು ಕಣ್ಣಿನ ಗಟ್ಟಿ ವೆಲ್ಡೆಡ್ ಮೆಶ್ ಹಾಕಿ. ಮುಂಗುಸಿ, ಹೆಗ್ಗಣಗಳು ಮಣ್ಣು ತೋಡಿ ನುಗ್ಗುವುದರಿಂದ ಬಲೆಯನ್ನು ಒಂದಡಿ ಆಳಕ್ಕೆ ಹೂತು ಕಲ್ಲು ಜೋಡಿಸಿ. ಮೇಲ್ಭಾಗಕ್ಕೂ ಬಲೆ ಬೇಕು. ಮರಿಗಳಿದ್ದರೆ ಹದ್ದು, ಕಾಗೆಗಳ ಭಯ ಇದ್ದೇ ಇರುತ್ತದೆ. ರಾತ್ರಿಯ ಗೂಡಿಗೆ ಮಾತ್ರ ಸುತ್ತಲೂ ಗಟ್ಟಿ ಬಲೆಯೇ ಇರಲಿ, ಹಾವು ಕೂಡ ನುಸುಳಬಾರದು. ಬಾಗಿಲಿಗೆ ಹಗ್ಗ ಸಾಲದು, ಚಿಲಕ ಹಾಕಿಸಿ.

ನೆಮ್ಮದಿಗೆ ಏನು ಬೇಕು?

ಕೋಳಿಗೆ ಮಣ್ಣಿನಲ್ಲಿ ಹೊರಳಾಡುವುದೇ ಸ್ನಾನ. ಮಳೆ ತಾಗದ ಮೂಲೆಯಲ್ಲಿ ಒಣಮಣ್ಣು, ಮರಳು, ಒಲೆಯ ಬೂದಿ ಬೆರೆಸಿಡಿ. ಹೇನಿನ ಕಾಟ ತಗ್ಗುತ್ತದೆ. ಒಂದು ಬದಿಗೆ ತರಗೆಲೆ ಸುರಿದರೆ ಕೆದಕುತ್ತಾ ಹೊತ್ತು ಕಳೆಯುತ್ತವೆ. ನುಗ್ಗೆ ಸೊಪ್ಪನ್ನು ಕೊಕ್ಕಿಗೆ ಎಟಕುವಂತೆ ತೂಗುಹಾಕಿ. ಬಿಸಿಲಿಗೆ ನೆರಳು, ದಿನವೂ ಶುದ್ಧ ನೀರು ಇರಲಿ. ಗೂಡಿನೊಳಗೆ ಎರಡು ಇಂಚು ದಪ್ಪದ, ಅಂಚು ನಯಗೊಳಿಸಿದ ಕೋಲನ್ನು ಅಡ್ಡಲಾಗಿ ಕಟ್ಟಿ. ಕೋಳಿಯೊಂದಕ್ಕೆ ಎಂಟರಿಂದ ಹತ್ತು ಇಂಚು ಉದ್ದ ಸಾಕು. ನಾಲ್ಕು ಹೇಂಟೆಗಳಿಗೆ ಒಂದಡಿ ಚೌಕದ, ಸ್ವಲ್ಪ ಕತ್ತಲಿರುವ ಒಂದು ಮೊಟ್ಟೆಪೆಟ್ಟಿಗೆ ಇಡಿ. ಪುಡಿಮಾಡಿದ ಕಪ್ಪೆಚಿಪ್ಪು ಕೊಟ್ಟರೆ ಮೊಟ್ಟೆಯ ಸಿಪ್ಪೆ ಗಟ್ಟಿಯಾಗುತ್ತದೆ.

ಮಳೆಗಾಲ ಮತ್ತು ರೋಗ

ಜೂನ್ ಬಂತೆಂದರೆ ಅಂಗಳ ಕೆಸರಾಗುತ್ತದೆ. ಒದ್ದೆ ನೆಲದಿಂದ ಮರಿಗಳಿಗೆ ರಕ್ತಭೇದಿ ತಗಲುತ್ತದೆ. ಆದ್ದರಿಂದ ನೆಲವನ್ನು ಸ್ವಲ್ಪ ಎತ್ತರಿಸಿ, ಅರ್ಧ ಭಾಗಕ್ಕಾದರೂ ಶೀಟು ಹೊದಿಸಿ, ಭತ್ತದ ಹೊಟ್ಟು ಹರಡಿ. ಒದ್ದೆಯಾದುದನ್ನು ತೆಗೆದು ಗುಂಡಿಯಲ್ಲಿ ಕೊಳೆಸಿದರೆ ಬಸಳೆ, ಅಲಸಂಡೆಗೆ ಒಳ್ಳೆಯ ಗೊಬ್ಬರ. ಕೊಕ್ಕರೆ ರೋಗ ಬಂದರೆ ಗೂಡೇ ಬರಿದಾದೀತು. ಅದರ ಲಸಿಕೆಯನ್ನು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಮರಿಯಿದ್ದಾಗಲೇ ಹಾಕಿಸಿ. ಗೂಡು ಗುಡಿಸಿದ ಬಳಿಕ ಮಕ್ಕಳೂ ಸೇರಿ ಎಲ್ಲರೂ ಸಾಬೂನಿನಿಂದ ಕೈತೊಳೆಯಲಿ.

ಸಹೋದರಿಯರೇ, ಎಲ್ಲವನ್ನೂ ಒಮ್ಮೆಗೇ ಮಾಡಲಾಗದಿದ್ದರೆ ಮೊದಲು ಗಟ್ಟಿ ಬಲೆ, ಚಿಲಕ ಆಗಲಿ. ಬೂದಿ, ತರಗೆಲೆ, ನುಗ್ಗೆ ಸೊಪ್ಪಿಗಂತೂ ಖರ್ಚೇ ಇಲ್ಲ. ಹುಂಜದ ಕೂಗು ಕೇಳಿದಾಗ ಅಲ್ಲಾಹನ ಅನುಗ್ರಹವನ್ನು ಬೇಡಿಕೊಳ್ಳುವಂತೆ ಪ್ರವಾದಿ(ಸ)ರು ಕಲಿಸಿದ್ದಾರೆ. ನಾಳೆ ಫಜ್ರ್‌ಗೆ ನಿಮ್ಮನ್ನು ಎಬ್ಬಿಸುವ ಆ ಕೂಗು ಹಸಿದ, ಹೆದರಿದ ಜೀವದ ಕೂಗಾಗದಿರಲಿ.