ಗಡಿ ದಾಟಿದರೆ ಇನ್ನೊಬ್ಬ ಡಾಕ್ಟರು

ಈಗ ಮಹಾರಾಷ್ಟ್ರದಲ್ಲಿರುವ ಉದಗೀರ, ನಿಲಂಗಾ ಎರಡೂ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ರಾಜ್ಯ ಪುನರ್‌ವಿಂಗಡಣೆಯಲ್ಲಿ ಉಸ್ಮಾನಾಬಾದಿಗೆ ಹೋದವು, 1982ರಲ್ಲಿ ಹೊಸ ಲಾತೂರ ಜಿಲ್ಲೆಗೆ ಸೇರಿದವು. ಪಕ್ಕದ ಉಮರ್ಗಾ ಉಸ್ಮಾನಾಬಾದ ಜಿಲ್ಲೆಯಲ್ಲೇ ಉಳಿಯಿತು; ಆ ಜಿಲ್ಲೆಯ ಹೆಸರು ಈಗ ಧಾರಾಶಿವ. ನಕ್ಷೆ ಬದಲಾದರೂ ಕಾಯಿಲೆ ಬಿದ್ದವರ ಓಡಾಟ ಅಷ್ಟಾಗಿ ಬದಲಾಗಿಲ್ಲ. ಉದಗೀರದಲ್ಲಿ ರೈಲು ಹತ್ತಿದರೆ ಭಾಲ್ಕಿ, ಅದರಾಚೆ ಬೀದರ. ಉಮರ್ಗಾದಿಂದ ಆಳಂದದ ಮೇಲೆ ಕಲಬುರಗಿ. ಹೆದ್ದಾರಿ ಹಿಡಿದರೆ ಒಂದು ಕಡೆ ಸೋಲಾಪುರ, ಇನ್ನೊಂದು ಕಡೆ ಹುಮನಾಬಾದ ದಾಟಿ ಹೈದರಾಬಾದ್. ನಿಲಂಗಾದವರಿಗೆ ಲಾತೂರ ಹತ್ತಿರ. ಬೀದರ, ಕಲಬುರಗಿ, ಸೋಲಾಪುರ, ಲಾತೂರ ನಾಲ್ಕೂ ಊರುಗಳಲ್ಲಿ ಸರಕಾರಿ ಮೆಡಿಕಲ್ ಕಾಲೇಜುಗಳಿವೆ. ಇಂಥ ಅನುಕೂಲ ರಾಜ್ಯದ ನಡುಮಧ್ಯದ ಎಷ್ಟೋ ತಾಲ್ಲೂಕುಗಳಿಗಿಲ್ಲ.

ಇಷ್ಟೆಲ್ಲ ದಾರಿಗಳಿದ್ದರೂ, ‘ಆಪರೇಶನ್ ಮಾಡಬೇಕು’ ಎಂದು ಒಬ್ಬ ಸರ್ಜನ್ ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳಲು ಜನ ಹಿಂಜರಿಯುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು ನೋಡಲಿಕ್ಕೆ ಊರಿನ ಇಬ್ಬರು ತಿಳಿದವರನ್ನು ಜೊತೆಗೆ ಕರೆದುಕೊಂಡು ಹೋಗುವವರೇ, ಸ್ವಂತ ಹೊಟ್ಟೆ ಕೊಯ್ಯಿಸಿಕೊಳ್ಳುವಾಗ ಒಬ್ಬರ ಮಾತಿಗೆ ತಲೆಯಾಡಿಸಿ ಅಡ್ವಾನ್ಸ್ ಕಟ್ಟಿಬಿಡುತ್ತಾರೆ. ಕಾರಣ ದಡ್ಡತನವಲ್ಲ. ‘ಡಾಕ್ಟರ್ ಸಾಹೇಬ್ರು ಸಿಟ್ಟಾಗ್ತಾರ, ನಾಳಿ ಮಗೂಗ ಜ್ವರಾ ಬಂದ್ರ ಇವರ ಬಾಗಿಲಿಗೇ ಬರಬೇಕಲ್ಲ’ ಎಂಬ ಲೆಕ್ಕ. ಬೆರಳೆಣಿಕೆಯಷ್ಟು ಸರ್ಜನ್‌ಗಳಿರುವ ಊರಿನಲ್ಲಿ ಆ ಲೆಕ್ಕ ಸುಳ್ಳೂ ಅಲ್ಲ.

ಭಾಷೆಯ ತೊಡಕು ಬೇರೆ. ಗಡಿಯ ಹಳ್ಳಿಯ ಕನ್ನಡದ ಹೆಣ್ಣುಮಗಳು ಲಾತೂರಿನ ಆಸ್ಪತ್ರೆಗೆ ಹೋದರೆ ಮರಾಠಿ ಬಲ್ಲ ಮಗನೋ ಭಾವನೋ ಪಕ್ಕದಲ್ಲಿ ನಿಲ್ಲುತ್ತಾನೆ. ಬಿಳಿ ಹೋಗುವುದು, ತಿಂಗಳಿಗೆ ಎರಡು ಸಲ ಮುಟ್ಟಾಗುವುದು, ಇದನ್ನೆಲ್ಲ ಅವನ ಬಾಯಿಂದ ಹೇಳಿಸಲು ಅವಳಿಗೆ ನಾಚಿಕೆ. ಆತ ‘ಹೊಟ್ಟೆನೋವು’ ಎಂದಷ್ಟೇ ಹೇಳುತ್ತಾನೆ. ಡಾಕ್ಟರು ಕೇಳುವ ಹತ್ತು ಪ್ರಶ್ನೆಗಳಿಗೂ ಅದೇ ಅರ್ಧ ಉತ್ತರ. ಅವಳ ಮಾತನ್ನು ಅವಳ ಭಾಷೆಯಲ್ಲೇ ಕೇಳುವ ಬೀದರ, ಕಲಬುರಗಿಯ ಡಾಕ್ಟರು ಎರಡನೆಯವರಾಗಿ ಸಿಕ್ಕರೆ, ರೋಗದ ಕತೆಯನ್ನು ಮೊದಲ ಸಲ ಪೂರ್ತಿ ಕೇಳಿದವರು ಅವರೇ ಆಗಿರುತ್ತಾರೆ.

ಗರ್ಭಚೀಲದ ಮಾತು ಬೇಕೆಂದೇ ಎತ್ತುತ್ತಿದ್ದೇನೆ. ಈ ಸೀಮೆಯಲ್ಲಿ ಎರಡನೇ ಅಭಿಪ್ರಾಯ ಎಷ್ಟು ಅಗತ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮರಾಠವಾಡದ್ದೇ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳ ಸಂಗತಿ 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಸರಕಾರ ನೇಮಿಸಿದ ಸಮಿತಿಯ ಮುಂದೆ ಬಂದ ಸಮೀಕ್ಷೆಯಲ್ಲಿ ಸುಮಾರು 82 ಸಾವಿರ ಮಹಿಳೆಯರ ಪೈಕಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಚೀಲ ತೆಗೆಸಿಕೊಂಡಿದ್ದರು. ಅವರಲ್ಲಿ ಬಹಳಷ್ಟು ಮಂದಿ ಚಿಕ್ಕ ವಯಸ್ಸಿನವರು. ಒಂದು ದಿನ ಕೆಲಸ ತಪ್ಪಿದರೆ ಕೂಲಿ ಗುತ್ತಿಗೆಯ ಮುಕಾದಮ ದಂಡ ಹಿಡಿಯುತ್ತಾನೆ, ಮುಟ್ಟಿನ ನೋವು ದುಬಾರಿ. ಅದರ ಮೇಲೆ ‘ತೆಗೆಸದಿದ್ದರೆ ಕ್ಯಾನ್ಸರ್ ಆಗ್ತದ’ ಎಂಬ ಮಾತು ಬಿದ್ದರೆ ಮುಗಿಯಿತು. ಇತ್ತ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಮಹಿಳೆಯರ ಇಂಥದ್ದೇ ಪ್ರಕರಣ 2015ರಲ್ಲಿ ಸುದ್ದಿಯಾಯಿತು. ಗಡಿಯ ಎರಡೂ ಮಗ್ಗುಲಲ್ಲಿ ಬಡವರ ಗರ್ಭಚೀಲಕ್ಕೆ ಒಂದೇ ಬೆಲೆ.

ಇನ್ನೊಬ್ಬ ಸ್ತ್ರೀರೋಗ ತಜ್ಞೆಯ ಮುಂದೆ ಆ ಹೆಣ್ಣುಮಗಳು ಕೂತಿದ್ದರೆ ಕೆಲವು ಸರಳ ಪ್ರಶ್ನೆಗಳು ಏಳುತ್ತಿದ್ದವು. ಸೋನೋಗ್ರಫಿಯಲ್ಲಿ ಏನಿದೆ? ಪ್ಯಾಪ್ ಪರೀಕ್ಷೆ ಆಗಿದೆಯೇ? ಒಳಪದರದ ಚೂರು ತೆಗೆದು ಪರೀಕ್ಷಿಸಿದ್ದಾರೆಯೇ? ಬಿಳಿ ಹೋಗುವುದು ಸೋಂಕಿನಿಂದಾದರೆ ಗುಳಿಗೆಯೇ ಸಾಕು. ಅತಿಯಾದ ರಕ್ತಸ್ರಾವಕ್ಕೂ ಮಾತ್ರೆಗಳಿವೆ, ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನವಿದೆ. ದೊಡ್ಡ ಗಡ್ಡೆ, ಕ್ಯಾನ್ಸರ್, ಚೀಲ ಕೆಳಗೆ ಜಾರಿರುವುದು, ಇಂಥ ಕಡೆ ಆಪರೇಶನ್ ಬೇಕಾಗಬಹುದು, ಮಾಡಿಸಲೇಬೇಕಾಗಬಹುದು. ಆದರೆ ಚಿಕ್ಕ ವಯಸ್ಸಿನಲ್ಲಿ ಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳೆಲ್ಲ ಆಗಲೇ ಶುರು: ಮೈ ಉರಿ, ಮೂಳೆ ಸವೆತ, ಹೃದಯದ ಅಪಾಯ. ಕಬ್ಬು ಹೊರುವ ಬೆನ್ನಿಗೆ ಮೂಳೆ ಸವೆದರೆ ಉಳಿಯುವುದೇನು?

ಬೀಡ ಪ್ರಕರಣದ ಬಳಿಕ ಅಲ್ಲಿನ ಖಾಸಗಿ ಆಸ್ಪತ್ರೆಗಳು ಈ ಆಪರೇಶನ್ ಮಾಡುವ ಮೊದಲು ಜಿಲ್ಲಾ ಸಿವಿಲ್ ಸರ್ಜನ್ ಅನುಮತಿ ಪಡೆಯಬೇಕೆಂದು ಆಡಳಿತ ಕಟ್ಟು ಮಾಡಿತು. ಸರಕಾರವೇ ಎರಡನೇ ಅಭಿಪ್ರಾಯ ಕಡ್ಡಾಯ ಮಾಡಿದಂತೆ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅನಗತ್ಯ ಗರ್ಭಚೀಲ ಆಪರೇಶನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು ಎಲ್ಲ ರಾಜ್ಯಗಳಿಗೆ ಹೇಳಿತು. ಜರ್ಮನಿಯಲ್ಲಿ ಇದಕ್ಕೆ ಕಾನೂನೇ ಇದೆ. ಗರ್ಭಚೀಲ ತೆಗೆಯಬೇಕೆನ್ನುವ ಡಾಕ್ಟರು ‘ಇನ್ನೊಬ್ಬರನ್ನು ಕೇಳುವ ಹಕ್ಕು ನಿಮಗಿದೆ’ ಎಂದು ಆಪರೇಶನ್‌ಗೆ ಹತ್ತು ದಿನ ಮೊದಲೇ ತಾವಾಗಿ ಹೇಳಬೇಕು. ಆಪರೇಶನ್ ಮಾಡುವವರೇ ಆ ಇನ್ನೊಬ್ಬರಾಗುವಂತಿಲ್ಲ.

ಈ ಕೊನೆಯ ಷರತ್ತು ನಮಗೆ ಹೆಚ್ಚು ಮುಖ್ಯ. ‘ಕಟ್ ಪ್ರಾಕ್ಟೀಸ್’ ಎಂದರೇನೆಂದು ಮಹಾರಾಷ್ಟ್ರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ: ರೋಗಿಯನ್ನು ಕಳಿಸಿದವನಿಗೆ ಬಿಲ್ಲಿನಲ್ಲಿ ಪಾಲು. 2002ರ ವೈದ್ಯಕೀಯ ನೀತಿ ನಿಯಮಗಳು ಇದನ್ನು ನಿಷೇಧಿಸಿವೆ. 2017ರಲ್ಲಿ ರಾಜ್ಯ ಸರಕಾರ ಇದರ ವಿರುದ್ಧ ಪ್ರತ್ಯೇಕ ಕಾನೂನಿನ ಕರಡನ್ನೂ ಮಾಡಿಸಿತ್ತು. ಆದ್ದರಿಂದ ಮೊದಲ ಡಾಕ್ಟರು ಚೀಟಿ ಬರೆದು ‘ಇವರ ಹತ್ತಿರವೇ ಹೋಗಿ’ ಎಂದರೆ ಅದನ್ನು ಎರಡನೇ ಅಭಿಪ್ರಾಯ ಎಂದು ನಾನು ಎಣಿಸುವುದಿಲ್ಲ. ಬೇರೆ ಊರು, ಬೇರೆ ಆಸ್ಪತ್ರೆ, ಸಾಧ್ಯವಾದರೆ ಕೊಯ್ದರೂ ಕೊಯ್ಯದಿದ್ದರೂ ಅದೇ ಸಂಬಳ ಪಡೆಯುವ ಸರಕಾರಿ ಮೆಡಿಕಲ್ ಕಾಲೇಜಿನ ಡಾಕ್ಟರು. ಅಲ್ಲಿ ಪಾಳಿ ಹಚ್ಚಬೇಕು, ನಿಜ. ಒಂದು ದಿನದ ಕೂಲಿ ಹೋಗುತ್ತದೆ. ಹೋಗಲಿ. ಪಯಣವೇ ಆಗದವರಿಗೆ ಕೇಂದ್ರದ ಇ-ಸಂಜೀವನಿಯಲ್ಲಿ ಫೋನಿನಲ್ಲೇ ಡಾಕ್ಟರನ್ನು ಬಿಟ್ಟಿಯಾಗಿ ಕಾಣಬಹುದು. ಕ್ಯಾನ್ಸರ್ ಶಂಕೆಯಿದ್ದರೆ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಮುಂಬಯಿಗಿಂತ ಎಷ್ಟೋ ಹತ್ತಿರ.

ಕಾರ್ಡಿನ ಯೋಜನೆಗಳು ಆಪರೇಶನ್‌ಗೆ ದುಡ್ಡು ಕೊಡುತ್ತವೆ, ಅದು ಬೇಕೋ ಬೇಡವೋ ಎಂದು ಕೇಳಿ ಬರುವ ಬಸ್ ಚಾರ್ಜಿಗೆ ಕೊಡುವುದಿಲ್ಲ. 2023ರಲ್ಲಿ ಮಹಾರಾಷ್ಟ್ರ ತನ್ನ ಫುಲೆ ಆರೋಗ್ಯ ಯೋಜನೆಯನ್ನು ಗಡಿ ವಿವಾದದಲ್ಲಿರುವ ಕರ್ನಾಟಕದೊಳಗಿನ 865 ಹಳ್ಳಿಗಳಿಗೆ ಹಬ್ಬಿಸಲು ಹೊರಟು, ಕರ್ನಾಟಕ ಕೆರಳಿ, ದೊಡ್ಡ ಗದ್ದಲವಾಯಿತು. ಆ ಗದ್ದಲದಲ್ಲಿ ಗಡಿಯ ರೋಗಿಗೆ ಏನು ಬೇಕು ಎಂದು ಕೇಳಿದವರು ನನ್ನ ಕಣ್ಣಿಗಂತೂ ಬೀಳಲಿಲ್ಲ.

ಎಲ್ಲದಕ್ಕೂ ಇನ್ನೊಬ್ಬರನ್ನು ಹುಡುಕುತ್ತ ಕೂರುವಂತಿಲ್ಲ ಎಂಬುದನ್ನೂ ಹೇಳಬೇಕು. ಸಿಕ್ಕಿಕೊಂಡ ಹರ್ನಿಯಾ, ಒಡೆದ ಅಪೆಂಡಿಕ್ಸ್, ಹೆರಿಗೆಯಲ್ಲಿ ನಿಲ್ಲದ ರಕ್ತ, ಎದೆನೋವು: ಇವುಗಳಲ್ಲಿ ಎದುರಿಗಿರುವ ಡಾಕ್ಟರೇ ದೇವರು, ಬಸ್ ಹತ್ತಿದರೆ ಹೆಣ ಇಳಿಸಬೇಕಾದೀತು. ವಾರ ಕಾಯಬಹುದೇ ಎಂದು ಡಾಕ್ಟರನ್ನೇ ನೇರವಾಗಿ ಕೇಳಿ. ಕಾಯಬಹುದು ಎಂದರೆ ಇನ್ನೊಬ್ಬರನ್ನು ಕಾಣಲೂ ವೇಳೆ ಇದೆ ಎಂದೇ ಅರ್ಥ.

ಆಪರೇಶನ್ ಆಗಿಹೋದ ಮೇಲೆ ಅಸಮಾಧಾನವಾದರೆ? ಗಾಯ ಮಾಯುತ್ತಿಲ್ಲ, ನೋವು ಮೊದಲಿಗಿಂತ ಹೆಚ್ಚು, ಕೇಳಿದರೆ ‘ಆಗ್ತದ, ಹೋಗ್ರಿ’ ಎಂಬ ಉತ್ತರ. ಆಗಲೂ ಇದೇ ದಾರಿ. ಸಹಿ ಹಾಕಿದ ಕಾಗದದಲ್ಲಿ ಏನಿತ್ತು ಎಂಬುದೂ ಮುಖ್ಯ. ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ರೋಗಿ ಒಪ್ಪಿದ್ದು ದುರ್ಬೀನು ಪರೀಕ್ಷೆಗೆ. ಆಕೆಗೆ ಎಚ್ಚರ ತಪ್ಪಿದ್ದಾಗ ಹೊರಗಿದ್ದ ತಾಯಿಯನ್ನು ಕೇಳಿ ಗರ್ಭಚೀಲವನ್ನೇ ತೆಗೆದಿದ್ದರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಶನ್‌ಗೆ ಒಪ್ಪಿಗೆಯಲ್ಲ ಎಂದು 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಚ್ಚು ಹಾಕಿದ ಇಂಗ್ಲಿಷ್ ಫಾರಂಗೆ ಹೆಬ್ಬೆಟ್ಟೊತ್ತುವ ಮುಂಚೆ ಓದಿಸಿ ಕೇಳಿ.

ಕೈಯಲ್ಲಿ ಏನಿರಬೇಕು? ಮೆಡಿಕಲ್ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿ ತುರುಕಿದ ಮಾತ್ರೆ ಚೀಟಿಗಳಿಂದ ಎರಡನೇ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಡಿಸ್ಚಾರ್ಜ್ ಕಾರ್ಡ್, ಆಪರೇಶನ್ ವಿವರ ಬರೆದ ಹಾಳೆ, ಸ್ಕ್ಯಾನಿನ ವರದಿಯಷ್ಟೇ ಅಲ್ಲ ಅದರ ಫಿಲ್ಮ್ ಅಥವಾ ಸಿ.ಡಿ., ಚೂರು ಪರೀಕ್ಷೆ ಆಗಿದ್ದರೆ ಲ್ಯಾಬಿನ ಸ್ಲೈಡು ಮತ್ತು ಮೇಣದ ಬ್ಲಾಕು. ಸ್ಲೈಡನ್ನು ಬೇರೆ ಪೆಥಾಲಜಿಸ್ಟ್ ನೋಡಿ ಬೇರೆಯದೇ ಹೇಳುವುದುಂಟು, ವರದಿಯ ಕಾಗದ ನೋಡಿ ಹಾಗೆ ಹೇಳಲಾಗದು. ಮೊದಲ ಡಾಕ್ಟರು ಏನು ಹೇಳಿದರೆಂದು ಎರಡನೆಯವರಿಗೆ ಮೊದಲೇ ಹೇಳಬೇಡಿ; ಅವರು ತಮ್ಮ ಮಾತು ಮುಗಿಸಲಿ, ಆಮೇಲೆ ಹೇಳಿ. ಇಬ್ಬರೂ ಒಂದೇ ಮಾತು ಹೇಳಿದರೆ ಮೊದಲಿನವರ ಹತ್ತಿರವೇ ಆಪರೇಶನ್ ಮಾಡಿಸಿಕೊಳ್ಳಿ, ಅದರಲ್ಲಿ ಅವಮಾನವೇನಿಲ್ಲ.

ಇನ್ನೊಬ್ಬರ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ಸನ್ನದಿನಲ್ಲೇ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು ರಾಜ್ಯಗಳಿಗೆ ಕಳಿಸಿದೆ. ಫೈಲು ಕೊಡುವುದಿಲ್ಲ ಎಂದು ಯಾರಾದರೂ ತಕರಾರು ಮಾಡಿದರೆ ಜಗಳ ತೆಗೆಯಬೇಡಿ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಡಿ, ನಿಮ್ಮ ಪ್ರತಿಯ ಮೇಲೆ ತಾರೀಕು ಹಾಕಿಸಿ ಸಹಿ, ಸಿಕ್ಕೆ ಮಾಡಿಸಿಕೊಳ್ಳಿ. ಅರ್ಜಿ ಕೊಟ್ಟ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕು ಎಂಬುದು 2002ರ ನಿಯಮ. ಅದು ಉಮರ್ಗಾಕ್ಕೂ ಒಂದೇ, ಬೀದರಕ್ಕೂ ಒಂದೇ.