ವೈರ್‌ಲೆಸ್ ಸರೌಂಡ್ ಸ್ಪೀಕರು: ಪೆಟ್ಟಿಗೆಯ ಮೇಲಿನ ಅಂಕಿ, ಬಿಲ್ಲಿನ ಮೇಲಿನ ಹೆಸರು

ಟಿ.ವಿ. ತೆಳುವಾದಂತೆ ಅದರ ಧ್ವನಿಯೂ ತೆಳುವಾಯಿತು. ಗೋಡೆಗೆ ತೂಗುಹಾಕುವ ಇಂದಿನ ಟಿ.ವಿ.ಯಲ್ಲಿ ದೊಡ್ಡ ಸ್ಪೀಕರು ಕೂರಿಸಲು ಸ್ಥಳವಿಲ್ಲ. ಇರುವ ಚಿಕ್ಕ ಸ್ಪೀಕರುಗಳೂ ಹೆಚ್ಚಾಗಿ ಕೆಳಕ್ಕೋ ಗೋಡೆಯ ಕಡೆಗೋ ಮುಖ ಮಾಡಿರುತ್ತವೆ. ಚಿತ್ರ ಸ್ಪಷ್ಟ, ಮಾತು ಅಸ್ಪಷ್ಟ ಎಂಬ ದೂರು ಹುಟ್ಟುವುದು ಇಲ್ಲಿಯೇ. ಈ ಕೊರತೆಯನ್ನು ನೀಗಿಸಿಕೊಳ್ಳಲು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ವರ್ತಕ ಕುಟುಂಬಗಳು ವೈರ್‌ಲೆಸ್ ಸರೌಂಡ್ ಸ್ಪೀಕರುಗಳ ಕಡೆಗೆ ನೋಡುವುದು ಸಹಜ. ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಕುಳಿತವರೂ ಈಗ ಮೊಬೈಲಿನಲ್ಲಿಯೇ ಇವನ್ನು ತರಿಸಿಕೊಳ್ಳಬಹುದು. ಆದರೆ ಪೇಟೆಯಲ್ಲಿ ಪ್ರತಿಯೊಂದು ಸರಕನ್ನೂ ಒರೆಗೆ ಹಚ್ಚಿ ಕೊಳ್ಳುವ ವರ್ತಕರು, ಮನೆಗೆ ಬೇಕಾದ ಈ ಸರಕನ್ನು ಮಾತ್ರ ಪೆಟ್ಟಿಗೆಯ ಮೇಲಿನ ಅಂಕಿ ನಂಬಿ ಕೊಂಡುಬಿಡುತ್ತಾರೆ.

5.1 ಎಂಬ ಅಂಕಿಯ ಅರ್ಥ ಸರಳ. ಮುಂದೆ ಎಡ, ಬಲ ಹಾಗೂ ನಡುವೆ ಮೂರು ಸ್ಪೀಕರು, ಹಿಂದೆ ಎರಡು. ಕೆಳಸ್ತರದ ಧ್ವನಿಗಾಗಿ ಸಬ್‌ವೂಫರ್ ಎಂಬ ಪ್ರತ್ಯೇಕ ಪೆಟ್ಟಿಗೆ. ಡಾಲ್ಬಿ ಡಿಜಿಟಲ್ ಪದ್ಧತಿಯು 1992ರಲ್ಲಿ ಈ ಏರ್ಪಾಡನ್ನು ಚಿತ್ರಮಂದಿರಕ್ಕೆ ತಂದಿತು. ಬಳಿಕ ಅದು ಮನೆಗೂ ಇಳಿಯಿತು. 5.1.2 ಎಂದಿದ್ದರೆ ಕೊನೆಯ ಎರಡು ಮೇಲಿನಿಂದ ಕೇಳುವ ಧ್ವನಿಗೆ ಮೀಸಲು; 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್‌ನ ಕೊಡುಗೆ ಅದು. ಆದರೆ ಪೆಟ್ಟಿಗೆಯ ಮೇಲೆ ‘ಬ್ಲೂಟೂತ್ 5.1’ ಎಂದಿದ್ದರೆ ಅದು ಸ್ಪೀಕರುಗಳ ಎಣಿಕೆಯೇ ಅಲ್ಲ. 2019ರಲ್ಲಿ ಪ್ರಕಟವಾದ ಬ್ಲೂಟೂತ್ ತಂತ್ರದ ಆವೃತ್ತಿ ಸಂಖ್ಯೆ ಅದು. ಒಂದೇ ಸ್ಪೀಕರಿನ ಪೆಟ್ಟಿಗೆಯ ಮೇಲೂ ಆ ಅಂಕಿ ಪ್ರಾಮಾಣಿಕವಾಗಿಯೇ ಇರಬಹುದು. ಮೋಸ ಹೋಗುವುದು ಓದುವವರ ಆತುರದಿಂದ.

ವ್ಯಾಟ್‌ಗಳ ಅಂಕಿಯಲ್ಲಿ ಇದಕ್ಕಿಂತ ಹೆಚ್ಚಿನ ಎಚ್ಚರ ಅವಶ್ಯ. ಬ್ಯಾಡಗಿ ಮಾರುಕಟ್ಟೆಯ ಖರೀದಿದಾರರು ಬರಿಯ ತೂಕ ನೋಡಿ ಮೆಣಸಿನಕಾಯಿಗೆ ದರ ಹಾಕುವುದಿಲ್ಲ. ತೇವ ನೋಡುತ್ತಾರೆ, ಬಣ್ಣ ನೋಡುತ್ತಾರೆ. ಪಿ.ಎಂ.ಪಿ.ಓ. ಎಂಬ ಹೆಸರಿನಲ್ಲಿ ಮುದ್ರಿಸುವ ಸಾವಿರಾರು ವ್ಯಾಟ್‌ಗಳು ಒದ್ದೆ ಕಾಯಿಯ ತೂಕವಿದ್ದಂತೆ. ಕ್ಷಣಮಾತ್ರ ತಲುಪಬಹುದೆಂದು ಹೇಳುವ ಆ ಗರಿಷ್ಠಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ. ಸ್ಪೀಕರು ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು ಸೂಚಿಸುವುದು ಆರ್.ಎಂ.ಎಸ್. ವ್ಯಾಟ್, ಕೇಳಬೇಕಾದದ್ದು ಅದನ್ನು.

ಇನ್ನು ‘ವೈರ್‌ಲೆಸ್’ ಎಂಬ ಮಾತು. ತಂತಿಯಿಲ್ಲದೆ ಹೋಗುವುದು ಧ್ವನಿಸಂಕೇತ ಮಾತ್ರ. ವಿದ್ಯುತ್ತಿಗೆ ತಂತಿ ಬೇಕೇ ಬೇಕು. ಹಿಂದಿನ ಎರಡು ಸ್ಪೀಕರುಗಳಿಗೂ ಸಾಮಾನ್ಯವಾಗಿ ಹತ್ತಿರದಲ್ಲಿ ಪ್ಲಗ್ಗು ಇರಬೇಕು. ಹಳೆಯ ಪಡಸಾಲೆಗಳಲ್ಲಿ ಪ್ಲಗ್ಗು ಇರುವುದು ಟಿ.ವಿ. ಇರುವ ಗೋಡೆಗಷ್ಟೇ. ಕೊನೆಗೆ ಉದ್ದನೆಯ ಎಕ್ಸ್‌ಟೆನ್ಷನ್ ವೈರು ನೆಲದ ಮೇಲೆ ಹರಿದಾಡುತ್ತದೆ. ವೈರ್‌ಲೆಸ್ಸಿಗೆಂದು ಹೆಚ್ಚು ಹಣ ತೆತ್ತದ್ದು ಯಾವ ಪುರುಷಾರ್ಥಕ್ಕೆ ಎಂದು ಮನೆಯವರು ಕೇಳಿದರೆ ಉತ್ತರವಿರುವುದಿಲ್ಲ.

ಸಂಕೇತ ಸಾಗುವ ಬಗೆಯೂ ಮುಖ್ಯ. ಸಾಮಾನ್ಯ ಬ್ಲೂಟೂತ್ ಮೂಲಕ ಬರುವುದು ಎರಡೇ ವಾಹಿನಿಗಳ ಧ್ವನಿ. ಐದು ಸ್ಪೀಕರುಗಳು ನುಡಿದರೂ ಅವು ಆ ಎರಡನ್ನೇ ಹಂಚಿಕೊಂಡಿರುತ್ತವೆ. ಜೊತೆಗೆ ವಿಳಂಬ. ಧ್ವನಿಯು 200 ಮಿಲಿಸೆಕೆಂಡು ತಡವಾದರೆ ಸುಮಾರು 70 ಮೀಟರು ದೂರದಲ್ಲಿ ನಿಂತವರ ಮಾತು ಕೇಳಿದಂತೆ: ಪಾತ್ರದ ತುಟಿಯೇ ಬೇರೆ, ಮಾತೇ ಬೇರೆ. ಆದ್ದರಿಂದ ಟಿ.ವಿ.ಯಿಂದ ಮುಖ್ಯ ಘಟಕಕ್ಕೆ ಎಚ್.ಡಿ.ಎಂ.ಐ. ಕೇಬಲ್ಲನ್ನೇ ಜೋಡಿಸಬೇಕು, ಟಿ.ವಿ.ಯ ಆ ಕಿಂಡಿಯ ಬಳಿ ಎ.ಆರ್.ಸಿ. ಅಥವಾ ಇ-ಎ.ಆರ್.ಸಿ. ಎಂದು ಬರೆದಿರಬೇಕು. ಅಲ್ಲಿಂದ ಹಿಂದಿನ ಸ್ಪೀಕರುಗಳಿಗೆ ಕಂಪನಿಯ ಸ್ವಂತ ರೇಡಿಯೋ ಸಂಪರ್ಕವಿರುತ್ತದೆ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ವೈ-ಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಕಿಕ್ಕಿರಿದಿವೆ. 5 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಕಡಿಮೆ, ಆದರೆ ದಪ್ಪ ಗೋಡೆಯನ್ನು ದಾಟುವ ಬಲವೂ ಕಡಿಮೆ. ಒಂದೇ ಕೋಣೆಯೊಳಗಿನ ಬಳಕೆಗೆ ಎರಡನೆಯದೇ ಲೇಸು.

ಕುಟುಂಬವು ನಿಜಕ್ಕೂ ಕೇಳುವುದೇನು ಎಂಬುದನ್ನೂ ವಿಚಾರಿಸಬೇಕು. ಧಾರಾವಾಹಿ, ವಾರ್ತೆಗಳಲ್ಲಿ ಬೇಕಾದುದು ಸ್ಪಷ್ಟ ಮಾತು. ಹಾನಗಲ್ಲನ್ನು ಹೆಸರಿನಲ್ಲಿ ಹೊತ್ತ ಗಂಗೂಬಾಯಿಯವರ ಹಳೆಯ ಧ್ವನಿಮುದ್ರಿಕೆಗಳು ಒಂದೇ ವಾಹಿನಿಯವು. ಅವನ್ನು ಐದು ಕಡೆಯಿಂದ ನುಡಿಸಿದರೆ ಗಾಯನ ಹಿರಿದಾಗುವುದಿಲ್ಲ. ಇಂತಹ ಮನೆಗೆ ಎರಡು ಉತ್ತಮ ಸ್ಪೀಕರು ಅಥವಾ ಒಂದು ಒಳ್ಳೆಯ ಸೌಂಡ್‌ಬಾರ್ ಸಾಕು. ಅಟ್ಮಾಸ್, 5.1ರಲ್ಲಿ ತಯಾರಾದ ಚಲನಚಿತ್ರಗಳನ್ನು ವಾರಕ್ಕೊಮ್ಮೆಯಾದರೂ ನೋಡುವವರಿಗೆ ಮಾತ್ರ ಹಿಂದಿನ ಸ್ಪೀಕರುಗಳು ದುಡಿಯುತ್ತವೆ. ನುಣುಪು ಟೈಲ್ಸ್‌ನ ಬರಿದಾದ ಹಾಲ್‌ನಲ್ಲಿ ಯಾವ ಸ್ಪೀಕರೂ ಪ್ರತಿಧ್ವನಿಯಿಂದ ತಪ್ಪಿಸಿಕೊಳ್ಳದು. ದುಬಾರಿ ಮಾದರಿಗೆ ಹೋಗುವ ಮುನ್ನ ಒಂದು ನವಲಗುಂದ ಜಮಖಾನೆ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ ನೋಡುವುದು ಅಗ್ಗದ ಪರೀಕ್ಷೆ.

ಬಾಳಿಕೆಯ ಲೆಕ್ಕವನ್ನು ಅಂಗಡಿಯವರು ಹೇಳುವುದು ವಿರಳ. ಒಂದು ಕಂಪನಿಯ ವೈರ್‌ಲೆಸ್ ಸ್ಪೀಕರು ಇನ್ನೊಂದರ ಸೆಟ್ಟಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಮಾದರಿ ನಿಂತುಹೋದ ಮೇಲೆ ಮುಖ್ಯ ಘಟಕ ಕೆಟ್ಟರೆ ಸರಿಯಿರುವ ಉಳಿದ ಪೆಟ್ಟಿಗೆಗಳೂ ಮೂಲೆ ಸೇರುತ್ತವೆ. ತಂತಿಯ ಸ್ಪೀಕರಾದರೆ ಆಂಪ್ಲಿಫೈಯರನ್ನಷ್ಟೇ ಬದಲಿಸಬಹುದು. ಹೊಸ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಗೆ ಮುಂಚೆಯೇ ಗೋಡೆಯೊಳಗೆ ಸ್ಪೀಕರು ತಂತಿಗೆ ಪೈಪು ಹಾಕಿಸುವುದು ಉತ್ತಮ. ಅವರಿಗೆ ವೈರ್‌ಲೆಸ್ಸಿನ ಅಗತ್ಯವೇ ಬಾರದು.

ಕೊನೆಯದಾಗಿ ಬಿಲ್ಲು, ಹೆಚ್ಚು ಹಾನಿಯಾಗುವುದು ಇಲ್ಲಿಯೇ. ಮನೆಗೆ ಕೊಂಡ ವಸ್ತುವಿಗೆ ಅಂಗಡಿಯ ಜಿ.ಎಸ್.ಟಿ. ಸಂಖ್ಯೆ ಬರೆಸುವ ಅಭ್ಯಾಸ ವರ್ತಕರಲ್ಲಿದೆ. ₹40,000 ಬೆಲೆಯ ಸೆಟ್ಟಿಗೆ ಶೇ. 18ರಂತೆ ತೆರಿಗೆ ₹7,200. ಅಷ್ಟನ್ನೂ ಜಮೆ ಪಡೆಯಬಹುದೆಂಬ ಆಸೆ. ಆದರೆ ಕೇಂದ್ರ ಜಿ.ಎಸ್.ಟಿ. ಕಾಯಿದೆ 2017ರ ಕಲಂ 17(5) ಸ್ವಂತ ಉಪಯೋಗದ ಸರಕಿಗೆ ಇನ್‌ಪುಟ್ ತೆರಿಗೆ ಜಮೆಯನ್ನು ನಿಷೇಧಿಸಿದೆ. ಪಡೆದು ಬಳಸಿಕೊಂಡರೆ ಆ ಮೊತ್ತದ ಜೊತೆಗೆ ವರ್ಷಕ್ಕೆ ಶೇ. 18ರ ಬಡ್ಡಿ, ನೋಟಿಸಿನ ನಂತರವೂ ಕಾಲಮಿತಿಯಲ್ಲಿ ಕಟ್ಟದಿದ್ದರೆ, ವಂಚನೆಯ ಆರೋಪವಿಲ್ಲದ ಪ್ರಕರಣದಲ್ಲಿಯೂ, ತೆರಿಗೆಯ ಶೇ. 10 ಅಥವಾ ₹10,000, ಯಾವುದು ಹೆಚ್ಚೋ ಅಷ್ಟು ದಂಡ. ದಂಡವೇ ಉಳಿತಾಯವನ್ನು ಮೀರಿತು. ಸಂಸ್ಥೆಯ ಹಣದಿಂದ ಕೊಂಡಿದ್ದರೆ ಕಿರ್ದಿಯಲ್ಲಿ ಅದನ್ನು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಹಾಕುವುದೇ ಸರಿ. ಖರ್ಚೆಂದೋ ಸವಕಳಿಯೆಂದೋ ತೋರಿಸುವಂತಿಲ್ಲ. ಹೋಟೆಲಿಗೋ ಬಟ್ಟೆ ಅಂಗಡಿಗೋ ನಿಜವಾಗಿ ಅಳವಡಿಸಿದರೆ ಮಾತು ಬೇರೆ. ಆದರೆ ಅಲ್ಲಿ ಹಾಡು ನುಡಿಸಲು ಕೃತಿಸ್ವಾಮ್ಯದ ಪರವಾನಗಿಯನ್ನು ವಿಚಾರಿಸಬೇಕಾಗುತ್ತದೆ.

ಅಂಗಡಿಯ ಹೆಸರಿನ ಬಿಲ್ಲಿಗೆ ಇನ್ನೊಂದು ತೊಡಕಿದೆ. ಗ್ರಾಹಕ ಸಂರಕ್ಷಣಾ ಕಾಯಿದೆ 2019ರ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ‘ಗ್ರಾಹಕ’ರಲ್ಲ. ಸೆಟ್ಟು ಕೆಟ್ಟು ಕಂಪನಿ ಕೈಯೆತ್ತಿದಾಗ, ಬಿಲ್ಲಿನ ಮೇಲಿನ ಜಿ.ಎಸ್.ಟಿ. ಸಂಖ್ಯೆಯೇ ಎದುರುಪಕ್ಷದ ವಕೀಲರಿಗೆ ಆಧಾರವಾಗುತ್ತದೆ. ಸ್ವಂತ ಹೆಸರಿನ ಬಿಲ್ಲಿದ್ದರೆ, ಅಂತರ್ಜಾಲದಲ್ಲಿ ಎಲ್ಲಿಯ ಮಾರಾಟಗಾರರಿಂದ ಕೊಂಡಿದ್ದರೂ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಅಂದರೆ ಹಾವೇರಿಯಲ್ಲಿಯೇ, ಎರಡು ವರ್ಷದೊಳಗೆ ದೂರು ದಾಖಲಿಸಬಹುದು. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಸೆಟ್ಟಿನ ಪ್ರತಿಯೊಂದು ಪೆಟ್ಟಿಗೆಗೂ ಬೇರೆ ಬೇರೆ ಕ್ರಮಸಂಖ್ಯೆ ಇದ್ದಲ್ಲಿ, ಮುಖ್ಯ ಘಟಕದ್ದಷ್ಟೇ ಅಲ್ಲದೆ ಎಲ್ಲವನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳತಕ್ಕದ್ದು.